ಎರಡು ನೀರು, ಒಂದು ಕರೆಂಟು

ರಾಜಾಜಿನಗರದಲ್ಲಿ ಸ್ವಂತ ಮನೆ ಇರುವ ಯಾರನ್ನು ಕೇಳಿದರೂ ನೀರಿನ ಮಟ್ಟಿಗೆ ಒಂದು ಧೈರ್ಯದ ಮಾತು ಬರುತ್ತದೆ: ಕಾವೇರಿಯೂ ಇದೆ, ಬೋರೂ ಇದೆ, ನಮಗೇನು ಯೋಚನೆ. ಒಂದು ಕೈಕೊಟ್ಟರೆ ಇನ್ನೊಂದು ಎಂಬ ಲೆಕ್ಕ. ಆದರೆ ಬೋರಿನಿಂದ ನೀರೆತ್ತುವುದು ಮೋಟಾರು, ಸಂಪಿಗೆ ಬಿದ್ದ ಕಾವೇರಿಯನ್ನು ತಾರಸಿಯ ಟ್ಯಾಂಕಿಗೆ ಏರಿಸುವುದೂ ಮೋಟಾರು. ಎರಡಕ್ಕೂ ಕರೆಂಟು ಒಂದೇ ಮೀಟರ್ ಬೋರ್ಡಿನಿಂದ. ಬೆಳಿಗ್ಗೆ ಆರಕ್ಕೆ ಲೈನ್ ಹೋದರೆ ಎರಡು ನೀರೂ ಜೊತೆಯಾಗಿಯೇ ಹೋಗುತ್ತವೆ. ಇದರ ಹಿಂದೆ ಇನ್ನೂ ಹಳೆಯ ನೆನಪೊಂದಿದೆ. ನಗರದ ಈ ಪಶ್ಚಿಮ ಭಾಗ ಬಹುಕಾಲ ಕುಡಿದದ್ದು 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯದ ಅರ್ಕಾವತಿ ನೀರನ್ನು. 1974ರಲ್ಲಿ ಕಾವೇರಿಯ ಮೊದಲ ಹಂತ ಬಂದ ಮೇಲೆ ಬೆಂಗಳೂರು ಎರಡು ಹೊಳೆಯ ಊರಾಯಿತು. ಆಮೇಲೆ ಅರ್ಕಾವತಿ ಸೊರಗಿತು, ಕೆಟ್ಟಿತು, ಲೆಕ್ಕದಿಂದ ಜಾರಿತು. ನಲ್ಲಿಗಳ ಸಂಖ್ಯೆ ಪ್ರತಿ ವರ್ಷ ಏರುತ್ತಲೇ ಇದ್ದುದರಿಂದ ಮೂಲಗಳ ಸಂಖ್ಯೆ ಇಳಿದದ್ದು ಯಾರ ಗಮನಕ್ಕೂ ಬರಲಿಲ್ಲ. ಈಗ ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಲ್ಲಿ ಪಂಪು ನಿಂತರೆ ಊರೇ ಕೊಡ ಹಿಡಿದು ನಿಲ್ಲುತ್ತದೆ.

ದೂರದ ಕಡಲಿಗೆ ಹೊರಡುವ ಹಾಯಿದೋಣಿಗೆ ದಾರಿ ತೋರಿಸುವ ಎಲೆಕ್ಟ್ರಾನಿಕ್ ಸಾಮಾನು ಆರಿಸುವ ಪ್ರಶ್ನೆಯನ್ನು ನಾನು ಈ ನೀರಿನ ಕಡೆಯಿಂದಲೇ ನೋಡುವುದು. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲೆ ಕೂತ, ಮಂಗಳೂರಿಗೆ ಹೋಗಬೇಕೆಂದರೆ ಒಂದು ರಾತ್ರಿಯ ಬಸ್ಸು ಹಿಡಿಯಬೇಕಾದ ಬಡಾವಣೆಗೆ ಆ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಉತ್ತರ ಬಹಳ ದೂರವಿಲ್ಲ. ಕಾರ್ಡ್ ರೋಡಿನಿಂದ ತುಮಕೂರು ರಸ್ತೆ ಹಿಡಿದರೆ ಪೀಣ್ಯ. ಅಲ್ಲಿನ ಇಸ್ರೋ ಕೇಂದ್ರ ಇಸ್ಟ್ರಾಕ್‌ನಲ್ಲಿ, ಕಡಲಲ್ಲಿ ಸಿಕ್ಕಿಕೊಂಡ ಹಡಗಿನ ಆರ್ತನಾದವನ್ನು ಉಪಗ್ರಹದ ಮೂಲಕ ಕೇಳಿಸಿಕೊಳ್ಳುವ ದೇಶದ ನಿಯಂತ್ರಣ ಕೇಂದ್ರವಿದೆ. ಇನ್ನೊಂದು ದಿಕ್ಕಿಗೆ ಕೆಂಗೇರಿ ದಾಟಿ ಒಳಗೆ ಹೋದರೆ ಬ್ಯಾಲಾಳು. ನಮ್ಮದೇ ದಾರಿತೋರುವ ಉಪಗ್ರಹ ಬಳಗ ನಾವಿಕ್‌ನ ಕೇಂದ್ರ 2013ರ ಮೇ ತಿಂಗಳಿಂದ ಅಲ್ಲಿದೆ. ನಡುವೆ ರಾಜಾಜಿನಗರದ ಇಂಡಸ್ಟ್ರಿಯಲ್ ಟೌನು: ಟ್ರಾನ್ಸ್‌ಫಾರ್ಮರ್ ಸುತ್ತುವ, ಪ್ಯಾನೆಲ್ ಕಟ್ಟುವ, ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕುವ ಶೆಡ್ಡುಗಳ ಸಾಲು. ಪೆಟ್ಟಿಗೆ ಕೆಡುವುದು ಅಪರೂಪ, ಪೆಟ್ಟಿಗೆಗೆ ಬರುವ ವೈರು ಕೆಡುವುದು ದಿನನಿತ್ಯ ಎಂಬುದನ್ನು ಆ ಶೆಡ್ಡುಗಳಲ್ಲಿ ಯಾರೂ ಪಾಠ ಹೇಳಿ ಕಲಿಸಬೇಕಾಗಿಲ್ಲ.

ಬ್ಯಾಲಾಳಿನ ಕಥೆಯನ್ನೇ ಮೊದಲು ನೆನೆಯೋಣ. ನಮ್ಮ ಹತ್ತಿರ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. 2013ರ ಜುಲೈ 1ರಂದು ಹಾರಿದ ಬಳಗದ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ ಒಳಗೆ ಮೂರು ರುಬಿಡಿಯಂ ಪರಮಾಣು ಗಡಿಯಾರಗಳಿದ್ದವು. ಇಂಥ ಉಪಗ್ರಹ ಮಾಡುವ ಕೆಲಸವೆಲ್ಲ ಸರಿಯಾದ ಹೊತ್ತು ಹೇಳುವುದು, ಅಷ್ಟೇ. ಹೊತ್ತು ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ. ಒಂದು ಗಡಿಯಾರ ಕೆಟ್ಟರೆ ಇನ್ನೆರಡು ಇವೆಯಲ್ಲ ಎಂಬ ನಂಬಿಕೆ ಕಾಗದದ ಮೇಲೆ ಗಟ್ಟಿಯಾಗಿಯೇ ಇತ್ತು. 2017ರ ಆರಂಭದಲ್ಲಿ ಮೂರೂ ಕೆಟ್ಟಿರುವ ಸುದ್ದಿ ಹೊರಬಂತು. ಮೂರೂ ಯುರೋಪಿನ ಒಂದೇ ತಯಾರಕರ ಒಂದೇ ಬಗೆಯವು. ಅದೇ ದಿನಗಳಲ್ಲಿ ಯುರೋಪಿನ ಗೆಲಿಲಿಯೋ ಉಪಗ್ರಹಗಳಲ್ಲೂ ಅದೇ ಮನೆತನದ ಗಡಿಯಾರಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಮೂರು ಗಡಿಯಾರ ಇಟ್ಟದ್ದು ತಪ್ಪಲ್ಲ. ಮೂರಕ್ಕೂ ಒಂದೇ ರೋಗ ತಗಲಬಹುದಾಗಿತ್ತು, ಆದ್ದರಿಂದ ಮೂರೆಂಬುದು ಎಣಿಕೆಗೆ ಮೂರು, ಪರಿಣಾಮಕ್ಕೆ ಒಂದೂ ಚಿಲ್ಲರೆ. ಇಸ್ರೋ ಇದನ್ನು ಮರೆಯಲಿಲ್ಲ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಮೊದಲ ಬಾರಿ ಸ್ವದೇಶಿ ಪರಮಾಣು ಗಡಿಯಾರ ಹೋಯಿತು. 2025ರ ಜನವರಿ 29ರ ಎನ್‌ವಿಎಸ್-02ರಲ್ಲಿ ಸ್ವದೇಶಿಯನ್ನೂ ಹೊರಗಿನಿಂದ ತಂದದ್ದನ್ನೂ ಬೆರೆಸಿಟ್ಟರು. ಬೆರೆಸಿದ್ದೇ ವಿವೇಕ. ಆದರೆ ಆ ಉಪಗ್ರಹದ ಎಂಜಿನ್ನಿಗೆ ಆಕ್ಸಿಡೈಸರ್ ಬಿಡುವ ಕವಾಟ ತೆರೆಯಲಿಲ್ಲ. ಎರಡು ಬಗೆಯ ಗಡಿಯಾರ ಹೊತ್ತ ಉಪಗ್ರಹ ತನ್ನ ಜಾಗವನ್ನೇ ಸೇರಲಿಲ್ಲ. ಒಂದು ಕೊಂಡಿಯ ಚಿಂತೆ ಮುಗಿಯಿತು ಅನ್ನುವಷ್ಟರಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಕೊಂಡಿ ಕಾದಿತ್ತು.

ಹಾಯಿದೋಣಿಯ ಒಳಗೆ ಈಗ ಸಾಮಾನ್ಯವಾಗಿ ಏನಿರುತ್ತದೆ ನೋಡಿ. ಚುಕ್ಕಾಣಿಯ ಹತ್ತಿರ, ದೋಣಿಯ ಸ್ಥಾನವನ್ನು ನಕ್ಷೆಯ ಮೇಲೆ ತೋರಿಸುವ ಒಂದು ಚಾರ್ಟ್‌ಪ್ಲಾಟರ್, ಕೆಳಗೆ ನಕ್ಷೆ ಮೇಜಿನ ಬಳಿ ಇನ್ನೊಂದು. ಆಳ ಹೇಳುವ ಯಂತ್ರ, ಗಾಳಿ ಹೇಳುವ ಯಂತ್ರ, ಸುತ್ತಲಿನ ಹಡಗುಗಳ ಹೆಸರು ಹೇಳುವ ಎಐಎಸ್, ರಾಡಾರ್, ಆಟೋಪೈಲಟ್. ಮಾರುವವರು ಎರಡು ಪ್ಲಾಟರುಗಳನ್ನು ತೋರಿಸಿ ಒಂದು ಹೋದರೆ ಇನ್ನೊಂದು ಅನ್ನುತ್ತಾರೆ. ಆದರೆ ಎರಡೂ ಒಂದೇ ಆಂಟೆನಾದಿಂದ ಸ್ಥಾನ ಪಡೆಯುತ್ತವೆ, ಒಂದೇ 12 ವೋಲ್ಟ್ ಬ್ಯಾಟರಿಯಿಂದ ಉಸಿರಾಡುತ್ತವೆ, ಒಂದೇ ತಂತ್ರಾಂಶ ಓಡಿಸುತ್ತವೆ, ಎನ್‌ಎಂಇಎ 2000 ಎಂಬ ಒಂದೇ ಬೆನ್ನೆಲುಬಿನ ಕೇಬಲ್ಲಿಗೆ ಜೋತುಬಿದ್ದಿರುತ್ತವೆ. ಆ ಕೇಬಲ್ಲಿನ ಎರಡು ತುದಿಗೂ 120 ಓಮಿನ ಒಂದೊಂದು ರೆಸಿಸ್ಟರ್ ಇರಬೇಕು. ಕರೆಂಟು ತೆಗೆದು ಎರಡು ಸಂಕೇತದ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ 60 ಓಮು ತೋರಿಸಬೇಕು. 120 ತೋರಿಸಿದರೆ ಎಲ್ಲೋ ಒಂದು ತುದಿ ಕಳಚಿದೆ ಅಥವಾ ಬೆನ್ನೆಲುಬು ಮುರಿದಿದೆ ಎಂದು ಅರ್ಥ. ಒಂದು ಸಡಿಲ ಟಿ-ಜಾಯಿಂಟು ಇಡೀ ದೋಣಿಯನ್ನು ಕುರುಡು ಮಾಡಬಲ್ಲದು, ಎರಡು ಪರದೆಗಳಲ್ಲೂ ಒಂದೇ ಕ್ಷಣಕ್ಕೆ. ಬ್ಯಾಟರಿಯ ಕಥೆಯೂ ಹೀಗೆಯೇ. ಬಂಡೆ ಹತ್ತಿರವಾಯಿತೆಂದು ಎಂಜಿನ್ ಸ್ಟಾರ್ಟ್ ಮಾಡಿದರೆ ಸ್ಟಾರ್ಟರ್ ಮೋಟಾರು ಎಳೆಯುವ ಎಳೆತಕ್ಕೆ ವೋಲ್ಟೇಜು ಕುಸಿಯುತ್ತದೆ, ಪ್ಲಾಟರು ಆರಿ ಮತ್ತೆ ಹೊತ್ತಿಕೊಳ್ಳಲು ನಿಮಿಷ ತೆಗೆದುಕೊಳ್ಳುತ್ತದೆ. ಬೇಕಾದ ಒಂದು ನಿಮಿಷವೂ ಅದೇ. ಸ್ಟಾರ್ಟರಿಗೆ ಬೇರೆ ಬ್ಯಾಟರಿ, ಉಪಕರಣಗಳಿಗೆ ಬೇರೆ ಬ್ಯಾಟರಿ ಇಟ್ಟರೆ ಮುಗಿಯುವ ತೊಂದರೆ ಇದು. ಅದಕ್ಕೆ ತಗಲುವ ಹಣ ಪ್ಲಾಟರಿನ ಪರದೆಯನ್ನು ಎರಡು ಅಂಗುಲ ದೊಡ್ಡದು ಮಾಡಲು ತಗಲುವುದಕ್ಕಿಂತ ಕಡಿಮೆ.

ವೈರಿನ ಬಗ್ಗೆ ಇನ್ನಷ್ಟು ಹೇಳಲೇಬೇಕು. ಎಸ್.ಪಿ. ರೋಡಿನಲ್ಲಿ ಸುರುಳಿ ಸುರುಳಿಯಾಗಿ ಸಿಗುವ ಮನೆ ವೈರಿಂಗಿನ ಬರಿ ತಾಮ್ರದ ವೈರು ರಾಜಾಜಿನಗರದ ಗೋಡೆಯೊಳಗೆ ನಲವತ್ತು ವರ್ಷ ಇರಬಲ್ಲದು. ಅದನ್ನೇ ದೋಣಿಯ ತಳಕ್ಕೆ ಎಳೆದರೆ ಉಪ್ಪಿನ ತೇವ ತುದಿಯಿಂದ ಒಳಗೆ ಏರುತ್ತದೆ, ಎಳೆಗಳ ಸಂದಿಯಲ್ಲಿ, ಪ್ಲಾಸ್ಟಿಕ್ಕಿನ ಅಡಿಯಲ್ಲಿ. ಹೊರಗಿನಿಂದ ನೋಡಿದರೆ ವೈರು ಹೊಸದೇ. ಸಿಪ್ಪೆ ಸುಲಿದರೆ ಒಳಗೆ ಕಪ್ಪು, ತುದಿಯ ಲಗ್ಗಿನ ಬಳಿ ಹಿತ್ತಾಳೆ ಚೊಂಬಿಗೆ ಹಿಡಿಯುವಂಥದ್ದೇ ಹಸಿರು ಕಿಲುಬು. ಚೊಂಬನ್ನಾದರೆ ಹುಣಸೆಹಣ್ಣು ಹಾಕಿ ತಿಕ್ಕಬಹುದು. ಅದಕ್ಕೇ ದೋಣಿಗೆ ತವರದ ಲೇಪವಿರುವ ತಂತಿ ಎಳೆಯುವುದು, ಲಗ್ಗನ್ನು ಇಕ್ಕಳದಿಂದ ಬಿಗಿಯಾಗಿ ಒತ್ತಿ, ಮೇಲೆ ಒಳಗೋಡೆಗೆ ಅಂಟು ಬಳಿದಿರುವ, ಬಿಸಿಗೆ ಕುಗ್ಗುವ ತೋಳು ಹಾಕಿ ಬಿಸಿ ಮಾಡುವುದು. ಪೆಟ್ಟಿಗೆಯ ಮೇಲೆ ಐಪಿ67 ಎಂದು ಬರೆದದ್ದನ್ನು ನೋಡಿ ಸಮಾಧಾನ ಪಡುವವರು ಒಂದು ಗಮನಿಸಬೇಕು: ಅದು ಒಂದು ಮೀಟರ್ ಸಿಹಿನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದ ಪರೀಕ್ಷೆ. ಉಪ್ಪುನೀರಿನ ಹನಿ ವರ್ಷಗಟ್ಟಲೆ ಕನೆಕ್ಟರಿನ ಪಿನ್ನಿನ ಮೇಲೆ ಕೂತಿರುವುದರ ಬಗ್ಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ.

ನಮ್ಮವರ ದೀರ್ಘ ಹಾಯಿಯಾನಗಳ ಇತಿಹಾಸವೂ ಬಹಳ ಹಳೆಯದಲ್ಲ. ಗೋವಾದಲ್ಲಿ ಕಟ್ಟಿದ ಮ್ಹಾದೇಯಿ ಎಂಬ ದೋಣಿಯಲ್ಲಿ ದಿಲೀಪ್ ದೊಂದೆ 2009–10ರಲ್ಲಿ ಒಬ್ಬರೇ ಭೂಮಿ ಸುತ್ತಿದರು. ಅದೇ ದೋಣಿಯಲ್ಲಿ ಅಭಿಲಾಷ್ ಟಾಮಿ 2012ರ ನವೆಂಬರಿನಿಂದ 2013ರ ಮಾರ್ಚ್ ತನಕ ಎಲ್ಲೂ ನಿಲ್ಲದೆ ಸುತ್ತಿದರು. ತಾರಿಣಿ ಎಂಬ ಇನ್ನೊಂದು ದೋಣಿಯಲ್ಲಿ 2017–18ರಲ್ಲಿ ನೌಕಾಪಡೆಯ ಆರು ಮಹಿಳೆಯರು, 2024–25ರಲ್ಲಿ ದಿಲ್ನಾ ಮತ್ತು ರೂಪಾ ಇಬ್ಬರೇ. ನನ್ನ ವಾದಕ್ಕೆ ಹೆಚ್ಚು ಕಲಿಸುವುದು ಈ ಯಶಸ್ಸುಗಳ ನಡುವಿನ ಒಂದು ಅಪಘಾತ. 2018ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯ ನಿಯಮದ ಪ್ರಕಾರ ದಾರಿ ಹುಡುಕಲು ಜಿಪಿಎಸ್ ಇಲ್ಲ, ಸೆಕ್ಸ್ಟಂಟ್ ಹಿಡಿದು ಸೂರ್ಯನನ್ನೂ ನಕ್ಷತ್ರವನ್ನೂ ಅಳೆಯಬೇಕು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಟಾಮಿಯವರ ದೋಣಿ ತುರೀಯ ಮಗುಚಿ ಹಾಯಿಕಂಬ ಮುರಿಯಿತು, ಅವರ ಬೆನ್ನಿಗೆ ಏಳಲಾಗದಷ್ಟು ಪೆಟ್ಟಾಯಿತು. ಹಾಯಿಕಂಬ ಮುರಿಯುವುದೆಂದರೆ ಅದರ ನೆತ್ತಿಯಲ್ಲಿರುವುದೆಲ್ಲ ಹೋಗುವುದು: ವಿಎಚ್‌ಎಫ್ ರೇಡಿಯೋದ ಆಂಟೆನಾ, ಗಾಳಿಯಂತ್ರ, ದೀಪ. ಅಂಥ ಹೊತ್ತಿಗೆ ಕೆಲಸಕ್ಕೆ ಬಂದದ್ದು ಕೈಯಲ್ಲಿ ಹಿಡಿಯುವ, ತನ್ನದೇ ಬ್ಯಾಟರಿ ಮತ್ತು ತನ್ನದೇ ಆಂಟೆನಾ ಇರುವ ಉಪಗ್ರಹ ಸಂದೇಶದ ಸಣ್ಣ ಯಂತ್ರ. ಮಾರಿಷಸ್‌ನಿಂದ ಹಾರಿದ ನಮ್ಮ ನೌಕಾಪಡೆಯ ಪಿ-8ಐ ವಿಮಾನ ದೋಣಿಯನ್ನು ಕಂಡಿತು, 24ರಂದು ಫ್ರೆಂಚ್ ಹಡಗು ಒಸಿರಿಸ್ ಅವರನ್ನು ಎತ್ತಿಕೊಂಡಿತು. ಆ ಯಂತ್ರ ದೋಣಿಯ ಯಾವುದಕ್ಕೂ ಅಂಟಿಕೊಂಡಿರಲಿಲ್ಲ ಎಂಬುದೇ ಅದರ ಗುಣ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಈಗಿನ ಗ್ರಾಹಕಯಂತ್ರ ಜಿಪಿಎಸ್ ಒಂದನ್ನೇ ಕೇಳುವುದಿಲ್ಲ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದೋ ಎಲ್ಲವನ್ನೂ ಒಟ್ಟಿಗೆ ಕೇಳುತ್ತದೆ. ನಾಲ್ಕು ಬಳಗಗಳೂ ಒಟ್ಟಿಗೆ ಕೆಡಲು ಸಾಧ್ಯವೇ? ಉಪಗ್ರಹ ಕೆಡುವ ಮಟ್ಟಿಗೆ ಈ ಮಾತು ನಿಜ. 2019ರ ಜುಲೈಯಲ್ಲಿ ಗೆಲಿಲಿಯೋ ಸುಮಾರು ಒಂದು ವಾರ ಮಲಗಿದಾಗ ಬಹುತೇಕ ಬಳಕೆದಾರರಿಗೆ ಗೊತ್ತೇ ಆಗಲಿಲ್ಲ. ಆದರೆ ನಾಲ್ಕೂ ಅಕ್ಕಪಕ್ಕದ ತರಂಗಾಂತರಗಳಲ್ಲಿ ಮಾತಾಡುತ್ತವೆ, ಸುಮಾರು 20,000 ಕಿಲೋಮೀಟರ್ ದಾಟಿ ಬರುವ ಅವುಗಳ ದನಿ ಪಿಸುಮಾತಿಗಿಂತ ಕ್ಷೀಣ. ದಡದಲ್ಲಿ ಯಾರೋ ಜಾಮರ್ ಹಚ್ಚಿದರೆ ನಾಲ್ಕೂ ಒಂದೇ ಗದ್ದಲದಲ್ಲಿ ಮುಳುಗುತ್ತವೆ. 2025ರ ಮೇ ತಿಂಗಳಲ್ಲಿ ಜೆಡ್ಡಾ ಬಳಿ ಎಂಎಸ್‌ಸಿ ಆಂಟೋನಿಯಾ ಎಂಬ ಕಂಟೇನರ್ ಹಡಗು ನೆಲ ಹತ್ತಿದಾಗ ಜಿಪಿಎಸ್ ಹಸ್ತಕ್ಷೇಪದ ಅನುಮಾನವೇ ಮುಂದೆ ಬಂದದ್ದು. ಕೊಚ್ಚಿಯಿಂದ ಸೂಯೆಜ್ ಕಡೆಗೆ ಹಾಯಿ ಬಿಚ್ಚುವವರ ದಾರಿಯೂ ಅದೇ. ನಾವಿಕ್ ಎಸ್-ಬ್ಯಾಂಡಿನಲ್ಲೂ ಮಾತಾಡುತ್ತದೆ, ಅದು ಬೇರೆ ದನಿಯೇ ಸರಿ. ಆದರೆ ಅದರ ಗುರಿ ಭಾರತ ಮತ್ತು ಸುತ್ತಲಿನ 1,500 ಕಿಲೋಮೀಟರ್, ಮತ್ತು ದೋಣಿಯ ಅಂಗಡಿಯಲ್ಲಿ ಎಸ್-ಬ್ಯಾಂಡ್ ಕೇಳುವ ಯಂತ್ರ ಸಲೀಸಾಗಿ ಸಿಗುವುದಿಲ್ಲ. ಹೆಮ್ಮೆಗೆಂದು ಕೊಳ್ಳುವ ಸಾಮಾನಲ್ಲ ಇದು.

ಹಾಗಾದರೆ ಉಪಗ್ರಹ ಬೇಡದ ಉಪಕರಣ ಯಾವುದು? ಆಳ ಹೇಳುವ ಎಕೋ ಸೌಂಡರ್, ದಡದ ರೂಪ ತೋರುವ ರಾಡಾರ್, ದಿಕ್ಸೂಚಿ. ನನ್ನ ಪಟ್ಟಿಯಲ್ಲಿ ಇವು ದೊಡ್ಡ ಪ್ಲಾಟರಿಗಿಂತ ಮೇಲಿವೆ. ರಾಡಾರ್ ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿದರೆ ಸಾಕು: ಪ್ಲಾಟರು ಸತ್ತರೆ ಇದರ ಚಿತ್ರವನ್ನು ಬೇರೆ ಎಲ್ಲಿಯಾದರೂ ನೋಡಬಹುದೇ? ಎಐಎಸ್ ಇದ್ದರೆ ರಾಡಾರ್ ಯಾಕೆ ಎನ್ನುವವರು ಕಾರವಾರದಿಂದ ಮಲ್ಪೆಗೆ ರಾತ್ರಿ ಹಾಯಿಯಲ್ಲಿ ಬರುವುದನ್ನು ಕಲ್ಪಿಸಿಕೊಳ್ಳಬೇಕು. ಎಐಎಸ್ ತನ್ನನ್ನು ತಾನು ತೋರಿಸಿಕೊಳ್ಳುವವರನ್ನು ಮಾತ್ರ ತೋರಿಸುತ್ತದೆ. ನಾಡದೋಣಿಗೆ ಅದಿಲ್ಲ, ಬಲೆಯ ಬೆಂಡಿಗೆ ಮೊದಲೇ ಇಲ್ಲ. ಮರದ ಸಣ್ಣ ದೋಣಿ ರಾಡಾರಿನಲ್ಲೂ ಮಸುಕೇ, ಕೊನೆಗೆ ಉಳಿಯುವುದು ಕಣ್ಣು.

ಎರಡನೆಯ ಆಕ್ಷೇಪ ಮೊಬೈಲಿನವರದು: ಜೇಬಿನಲ್ಲಿ ಜಿಪಿಎಸ್ ಇರುವ ಫೋನಿದೆ, ನಕ್ಷೆ ಇಳಿಸಿಕೊಂಡರೆ ನೆಟ್‌ವರ್ಕ್ ಬೇಡ, ಲಕ್ಷಗಟ್ಟಲೆ ಯಾಕೆ ಸುರಿಯಬೇಕು. ಇದರಲ್ಲಿ ತೂಕವಿದೆ. ಫೋನಿಗೆ ತನ್ನದೇ ಬ್ಯಾಟರಿ, ತನ್ನದೇ ಆಂಟೆನಾ, ತನ್ನದೇ ತಂತ್ರಾಂಶ. ನನ್ನ ಅಳತೆಗೋಲಿನಲ್ಲಿ ಅದೇ ಕಂಪನಿಯ ಎರಡನೆಯ ಪ್ಲಾಟರಿಗಿಂತ ನೀರು ಹೋಗದ ಚೀಲದಲ್ಲಿಟ್ಟ ಹಳೆಯ ಫೋನು ಎಷ್ಟೋ ಮೇಲು. ಆದರೆ ಅದು ಎರಡನೆಯದಾಗಿ ಮೇಲು. ಬಿಸಿಲಿನಲ್ಲಿ ಕಾದು ತಾನಾಗಿ ಆರುತ್ತದೆ, ಒದ್ದೆ ಬೆರಳಿಗೆ ಪರದೆ ಹುಚ್ಚುಹುಚ್ಚಾಗಿ ಓಡುತ್ತದೆ. ಸಿಡಿಲಿನ ಹೊತ್ತಿಗೂ ವೈರಿಗೆ ಅಂಟದ ಸಾಮಾನೇ ಮೇಲು. ಬಯಲು ನೀರಿನ ನಡುವೆ ಹಾಯಿಕಂಬವೇ ಎತ್ತರದ ವಸ್ತು. ಬಡಿದರೆ ವೈರಿಗೆ ಅಂಟಿದ್ದೆಲ್ಲ ಒಂದೇ ಕ್ಷಣಕ್ಕೆ ಸುಡಬಹುದು. ಗುಡುಗು ಕೇಳಿಸಿದೊಡನೆ ಕೈ-ಜಿಪಿಎಸ್ಸನ್ನೂ ಫೋನನ್ನೂ ಅಡುಗೆಯ ಓವನ್ನಿನೊಳಗೆ ಇಟ್ಟು ಬಾಗಿಲು ಹಾಕುವ ರೂಢಿ ನಾವಿಕರಲ್ಲಿದೆ. ಪೂರ್ತಿ ಖಾತ್ರಿಯಲ್ಲ, ಆದರೆ ಖರ್ಚಿಲ್ಲ. ನಮ್ಮವರ ದೋಣಿಯಲ್ಲಿ ಆ ಕೆಲಸ ಬಹುಶಃ ಕುಕ್ಕರಿನ ಪಾಲಿಗೆ ಬರುತ್ತದೆ. ಮತ್ತೆ ಅನ್ನಕ್ಕಿಡುವ ಮೊದಲು ಒಳಗೆ ನೋಡಿದರಾಯಿತು.

ಮೂರನೆಯದು ನಿಜಕ್ಕೂ ಗಟ್ಟಿ ಆಕ್ಷೇಪ. ಎಲ್ಲದಕ್ಕೂ ಬೇರೆ ಬೇರೆ ಅಂದರೆ ಸಾಮಾನು ಹೆಚ್ಚುತ್ತದೆ, ಕೆಡುವ ಜಾಗಗಳೂ ಹೆಚ್ಚುತ್ತವೆ. ಜೋಡಿಸಿಟ್ಟ ವ್ಯವಸ್ಥೆಯಲ್ಲಿ ನಕ್ಷೆ, ರಾಡಾರ್, ಎಐಎಸ್ ಒಂದೇ ಪರದೆಯಲ್ಲಿ ಬೀಳುವುದರಿಂದ ನಿದ್ದೆಗೆಟ್ಟ ಮನುಷ್ಯನ ತಲೆಗೆ ಹೊರೆ ಇಳಿಯುತ್ತದೆ. ಒಪ್ಪುತ್ತೇನೆ. ಜೋಡಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಜೋಡಣೆ ಕಳಚಿದಾಗ ಒಂದೊಂದೂ ತನ್ನ ಕಾಲ ಮೇಲೆ ನಿಲ್ಲುತ್ತದೆಯೇ ಎಂದು ನೋಡಿ ಕೊಳ್ಳಿ. ಪರೀಕ್ಷೆ ಸುಲಭ: ದಡದಲ್ಲಿ ಕಟ್ಟಿರುವಾಗಲೇ ಮೇನ್ ಫ್ಯೂಸ್ ಕಿತ್ತು, ಏನು ಬದುಕಿದೆ ಎಂದು ಎಣಿಸಿ. ಒಂದೂ ಇಲ್ಲದಿದ್ದರೆ ಕೊಂಡ ಸಾಮಾನೆಲ್ಲ ಸೇರಿ ಒಂದೇ ಸಾಮಾನು. ಹೊರೆ ಇಳಿಯುತ್ತದೆ ಎಂಬ ಮಾತಿಗೂ 2014ರ ನವೆಂಬರ್ 29ರ ಒಂದು ಉತ್ತರವಿದೆ. ವೋಲ್ವೋ ಓಷನ್ ರೇಸಿನಲ್ಲಿ ಕೇಪ್‌ಟೌನಿನಿಂದ ಅಬುಧಾಬಿಗೆ ಹೊರಟಿದ್ದ ವೆಸ್ಟಾಸ್ ವಿಂಡ್ ದೋಣಿ ಮಾರಿಷಸ್‌ಗೆ ಈಶಾನ್ಯದ ಕಾರ್ಗಾಡೋಸ್ ಕರಾಜೋಸ್ ಹವಳದ ದಿಬ್ಬಕ್ಕೆ ರಾತ್ರಿ ಪೂರಾ ವೇಗದಲ್ಲಿ ನುಗ್ಗಿತು. ಜಿಪಿಎಸ್ ಸರಿಯಿತ್ತು, ಬ್ಯಾಟರಿ ಸರಿಯಿತ್ತು, ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ದಿಬ್ಬವೂ ಇತ್ತು. ಆದರೆ ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿ ನೋಡಿದಾಗ ಮಾತ್ರ ಅದು ಕಾಣುತ್ತಿತ್ತು. ಕುಗ್ಗಿಸಿದ ನಕ್ಷೆಯಲ್ಲಿ ಆ ದಿಬ್ಬದ ಅಪಾಯ ಗೊತ್ತಾಗುತ್ತಿರಲಿಲ್ಲ. ಒಂಬತ್ತು ಜನರೂ ಬದುಕಿದ್ದು ಪುಣ್ಯ. ಹಳೆಯ ಕಾಗದದ ನಕ್ಷೆಯ ಮೇಲೆ ಯಾರೋ ಶಾಯಿಯಲ್ಲಿ ಮುದ್ರಿಸಿದ ದಿಬ್ಬ ಮಡಿಚಿದರೂ ಬಿಡಿಸಿದರೂ ಅಲ್ಲೇ ಇರುತ್ತಿತ್ತು.

ಹಾಗೆಂದು ಎಲ್ಲರೂ ಸೆಕ್ಸ್ಟಂಟ್ ಕಲಿಯಬೇಕು ಎಂಬ ಪಂಗಡಕ್ಕೆ ನಾನು ಸೇರಿದವನಲ್ಲ. ಅಮೆರಿಕದ ನೌಕಾ ಅಕಾಡೆಮಿ ಬಿಟ್ಟಿದ್ದ ನಕ್ಷತ್ರಪಾಠವನ್ನು 2015ರಲ್ಲಿ ಮತ್ತೆ ಶುರುಮಾಡಿತು, ಸರಿ. ಟಾಮಿಯವರು 2022ರಲ್ಲಿ ಅದೇ ಸ್ಪರ್ಧೆಗೆ ಮರಳಿ, ಗಾಳಿಯ ಬಲದಿಂದಲೇ ಚುಕ್ಕಾಣಿ ಹಿಡಿಯುವ ವಿಂಡ್ ವೇನ್ ಮುರಿದಾಗ ಅದನ್ನು ದೋಣಿಯೊಳಗಿನ ಹಲಗೆಗಳನ್ನೇ ಕತ್ತರಿಸಿ ಸರಿಮಾಡಿಕೊಂಡು, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಮುಟ್ಟಿದರು, ಅದೂ ಸರಿ. ವರ್ಷಕ್ಕೊಮ್ಮೆ ಲಕ್ಷದ್ವೀಪಕ್ಕೋ ಅಂಡಮಾನಿಗೋ ಹೋಗುವವರು ಅಭ್ಯಾಸ ತಪ್ಪಿದ ಸೆಕ್ಸ್ಟಂಟ್ ಹಿಡಿದರೆ ಸಮಾಧಾನವೇ ಹೊರತು ಸ್ಥಾನ ಸಿಗುವುದಿಲ್ಲ. ಅವರಿಗೆ ಗಂಟೆಗೊಮ್ಮೆ ಸ್ಥಾನ, ದಿಕ್ಕು, ವೇಗ ಬರೆದಿಡುವ ಪೆನ್ಸಿಲ್ಲು ಸಾಕು. ಪರದೆ ಆರಿದ ಕ್ಷಣಕ್ಕೆ ಒಂದು ಗಂಟೆ ಹಿಂದೆ ಎಲ್ಲಿದ್ದೆವು ಎಂಬುದು ಗೊತ್ತಿದ್ದರೆ ದಿಕ್ಸೂಚಿ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ದೋಣಿ ಎಲ್ಲಿದೆ ಎಂದು ದೋಣಿಯವರಿಗೆ ಗೊತ್ತಾಗುವುದು ಅರ್ಧ ಕೆಲಸ, ದಡದವರಿಗೆ ಗೊತ್ತಾಗುವುದು ಇನ್ನರ್ಧ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಮೀನುಗಾರರನ್ನು ಹೊತ್ತು ಹೊರಟ ಸುವರ್ಣ ತ್ರಿಭುಜ ದೋಣಿ ಕಾಣೆಯಾಯಿತು. ಮಾಲ್ವಣ್ ಬಳಿ ಅದರ ಅವಶೇಷವನ್ನು ನೌಕಾಪಡೆ ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ. ನಡುವಿನ ನಾಲ್ಕೂವರೆ ತಿಂಗಳು ಆ ಮೀನುಗಾರರ ಮನೆಗಳಲ್ಲಿ ಹೇಗೆ ಕಳೆಯಿತೆಂದು ಬಲ್ಲವರು ಈ ಉಪಕರಣಗಳನ್ನು ಶೋಕಿಯ ಸಾಮಾನು ಎನ್ನಲಾರರು. 2019ರ ಅಕ್ಟೋಬರಿನಲ್ಲಿ ಬಂದ ಜೆಮಿನಿ ಎಂಬ ಸಣ್ಣ ಪೆಟ್ಟಿಗೆ ಚಂಡಮಾರುತದ ಎಚ್ಚರಿಕೆಯನ್ನು ಮೀನುಗಾರರ ಫೋನಿಗೆ ಮುಟ್ಟಿಸುತ್ತಿತ್ತು, ಆದರೆ ಒಮ್ಮುಖ: ಕೇಳಿಸಿಕೊಳ್ಳಬಹುದು, ಕೂಗಲಾಗದು. ಕೂಗುವುದಕ್ಕೆಂದೇ ಇರುವುದು 406 ಮೆಗಾಹರ್ಟ್ಸ್‌ನ ಬೀಕನ್, ಇಪಿಐಆರ್‌ಬಿ. ಬೆಲೆಗೆ ಹೋಲಿಸಿದರೆ ದೋಣಿಯಲ್ಲಿ ಅದಕ್ಕಿಂತ ಸ್ವತಂತ್ರವಾದ ಯಂತ್ರ ಇನ್ನೊಂದಿಲ್ಲ. ತನ್ನದೇ ಬ್ಯಾಟರಿ, ತನ್ನದೇ ಆಂಟೆನಾ, ಒಮ್ಮೆ ಹಚ್ಚಿದರೆ ಕನಿಷ್ಠ 48 ಗಂಟೆ ಕೂಗು. ಪ್ರತಿಯೊಂದಕ್ಕೂ 15 ಅಕ್ಷರ-ಅಂಕಿಗಳ ಗುರುತು, ಭಾರತದ್ದಾದರೆ ಅದರೊಳಗೆ ಅಡಗಿದ 419 ಎಂಬ ದೇಶದ ಸಂಖ್ಯೆ. ಪ್ರಪಂಚದ ಯಾವ ಮೂಲೆಯಲ್ಲಿ ಕೂಗಿದರೂ ಆ ಗುರುತು ತಿರುಗಿ ಪೀಣ್ಯಕ್ಕೆ ಬರುತ್ತದೆ. ಅಲ್ಲಿ ನೋಂದಣಿ ಪುಸ್ತಕದಲ್ಲಿ ದೋಣಿಯ ಹೆಸರಿನ ಮುಂದೆ ಬರೆದಿರುವ ಮನೆಯ ನಂಬರಿಗೆ ಫೋನು ಹೋಗುತ್ತದೆ, ದೋಣಿ ನಿಜಕ್ಕೂ ಕಡಲಲ್ಲಿದೆಯೇ, ಎಷ್ಟು ಜನರಿದ್ದಾರೆ ಎಂದು ಕೇಳಲು. ಬೀಕನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡದ್ದಾಗಿ ನೋಂದಣಿ ಬದಲಿಸದೆ ಬಿಟ್ಟಿದ್ದರೆ, ಆ ಫೋನು ಎತ್ತುವವರು ಹಳೆಯ ಮಾಲೀಕರು. ದೋಣಿ ಮಾರಿ ಎಷ್ಟೋ ವರ್ಷವಾಯಿತಲ್ಲ ಎನ್ನುತ್ತಾರೆ.